ಬರದ ನಾಡಿನ ಕೆರೆಯಲ್ಲಿ ಹರಿಗೋಲು ಕೂಟ

ತಳಕು ಸೀಮೆಯಲ್ಲಿ ದೋಣಿಯ ಮಾತೆತ್ತಿದರೆ ಜನ ನಗುತ್ತಾರೆ. ಕುಡಿಯೋ ನೀರಿಗೇ ಕೊಡ ಹಿಡಿದು ನಿಂತವರು ನಾವು. ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳು ಎಂದರೆ ಶೇಂಗಾ, ಕುರಿ, ಕಂಬಳಿ, ಬಳ್ಳಾರಿ ಜಾಲಿ. ಒಳ್ಳೆಯ ವರ್ಷದಲ್ಲೂ ಐನೂರು ಮಿಲಿಮೀಟರ್ ಆಸುಪಾಸಿನ ಮಳೆ. ಇಂಥ ಕಡೆ ಹತ್ತು ತೆಪ್ಪ-ಹರಿಗೋಲುಗಳನ್ನು ಒಂದೇ ಕೆರೆಗೆ ಇಳಿಸಿ ಒಂದು ದಿನದ ಕೂಟ ನಡೆಸಿದೆವು. ಅದು ಯಾಕೆ ಬೇಕಾಯಿತು, ಹೇಗೆ ಮಾಡಿದೆವು, ಎಲ್ಲಿ ಎಡವಿದೆವು ಎಂಬುದನ್ನು ಬರೆಯುತ್ತಿದ್ದೇನೆ. ನಿಮ್ಮೂರಲ್ಲೂ ಬಹುಕಾಲ ಒಣಗಿದ್ದ ಕೆರೆ ತುಂಬಿದ್ದರೆ ಇದನ್ನು ಓದಿ.

ಕೆರೆ ತುಂಬಿದ ವರ್ಷ

2022ರ ಮಳೆಗಾಲ ನಮ್ಮ ಜಿಲ್ಲೆಗೆ ಮರೆಯದ ಮಳೆಗಾಲ. ಹಿರಿಯೂರು ಹತ್ತಿರ ಮಾರಿಕಣಿವೆಯ ವಾಣಿವಿಲಾಸ ಸಾಗರ ಸೆಪ್ಟೆಂಬರಿನಲ್ಲಿ ಕೋಡಿ ಬಿತ್ತು. 1907ರಲ್ಲಿ ಕಟ್ಟಿ ಮುಗಿಸಿದ ಆ ಅಣೆಕಟ್ಟೆ ಅದಕ್ಕೆ ಮೊದಲು ಕೋಡಿ ಹರಿದದ್ದು 1933ರಲ್ಲಿ. ಎಂಬತ್ತೊಂಬತ್ತು ವರ್ಷ! ನಮ್ಮಪ್ಪ ಕೂಡ ಅದನ್ನು ಕಂಡವರಲ್ಲ. ವೇದಾವತಿ ಹರಿಯಿತು, ಹಳ್ಳಗಳೆಲ್ಲ ಹರಿದವು, ನಮ್ಮೂರ ಕೆರೆಯೂ ತುಂಬಿತು.

ಊರಿಗೆ ಊರೇ ಏರಿಯ ಮೇಲೆ ನಿಂತಿತ್ತು. ಹೆಂಗಸರು ಗಂಗಮ್ಮನಿಗೆ ಬಾಗಿನ ಬಿಟ್ಟರು. ಇಪ್ಪತ್ತು ವರ್ಷದೊಳಗಿನ ಹುಡುಗರು ಇಷ್ಟು ನೀರನ್ನು ಫೋನಿನಲ್ಲಿ ಬಿಟ್ಟರೆ ಕಣ್ಣಾರೆ ಕಂಡಿರಲಿಲ್ಲ. ಯಾರಿಗೂ ಈಜು ಬರುತ್ತಿರಲಿಲ್ಲ. ಬಾವಿಗಳಿದ್ದ ಕಾಲದಲ್ಲಿ ನಮಗೆ ಬೇಸಿಗೆ ಬಂತೆಂದರೆ ಈಜು. ಸೊಂಟಕ್ಕೆ ಒಣಗಿದ ಸೋರೆಬುರುಡೆ ಇಲ್ಲವೇ ಕತ್ತಾಳೆ ದಂಟು ಕಟ್ಟಿ ಬಾವಿಗೆ ತಳ್ಳುತ್ತಿದ್ದರು. ಬೋರ್‌ವೆಲ್ ಬಂದವು, ಬಾವಿ ಬತ್ತಿದವು, ಈಜೂ ಹೋಯಿತು.

ಅಕ್ಟೋಬರಿನಲ್ಲಿ, ದಸರಾ ರಜೆಯಲ್ಲಿ, ನಮ್ಮ ಬೀದಿಯ ಹನ್ನೆರಡು ವರ್ಷದ ಹುಡುಗ ಎಮ್ಮೆ ಮೈ ತೊಳೆಯಲು ಕೆರೆಗೆ ಇಳಿದ. ಮೊಳಕಾಲುದ್ದ ನೀರಿನಲ್ಲಿ ನಿಂತಿದ್ದನಂತೆ. ಇನ್ನೊಂದು ಹೆಜ್ಜೆ ಇಟ್ಟ. ಎಮ್ಮೆ ದಡಕ್ಕೆ ಬಂತು, ಹುಡುಗ ಬರಲಿಲ್ಲ.

ನಾವು ದಡದಲ್ಲಿ ನಿಂತು ಕೂಗಿದೆವು. ಹಗ್ಗ ಇತ್ತು, ಟ್ರ್ಯಾಕ್ಟರ್ ಇತ್ತು, ನೂರಾರು ಜನ ಇದ್ದೆವು. ನೀರಿಗೆ ಇಳಿಯುವವನೊಬ್ಬ ಇರಲಿಲ್ಲ, ನೀರಿನ ಮೇಲೆ ಹೋಗಲು ಒಂದು ಹಲಗೆಯೂ ಇರಲಿಲ್ಲ. ಮಾರನೇ ದಿನ ವಾಣಿವಿಲಾಸದ ಹಿನ್ನೀರಿನಲ್ಲಿ ಮೀನು ಹಿಡಿಯುವ ಇಬ್ಬರು ಗೂಡ್ಸ್ ಗಾಡಿಯ ಮೇಲೆ ಹರಿಗೋಲು ಕವುಚಿಕೊಂಡು ಬಂದರು. ಗಳ ಹಾಕಿ ನೋಡಿ, ಅರ್ಧ ತಾಸಿನಲ್ಲಿ ಹುಡುಗನನ್ನು ಎತ್ತಿ ತಂದರು.

ದುಡ್ಡು ಕೊಡಲು ಹೋದೆವು, ಹಿರಿಯ ಮೀನುಗಾರ ಮುಟ್ಟಲಿಲ್ಲ. ಒಂದೇ ಮಾತು ಕೇಳಿದ: "ಇಷ್ಟು ದೊಡ್ಡ ಕೆರೆ ಮಡಿಕ್ಕಂಡು ಊರಿಗೊಂದು ಹರಿಗೋಲು ಇಲ್ವೇ ಯಜಮಾನ್ರೇ?"

ಆ ಗುಂಡಿ ನನ್ನದು

ಹುಡುಗ ಸಿಕ್ಕಿದ ಜಾಗ ನೋಡಿ ನನಗೆ ಎದೆ ಹಿಡಿದಂತಾಯಿತು. 2018ರ ಬೇಸಿಗೆಯಲ್ಲಿ ಕೆರೆ ಒಣಗಿದ್ದಾಗ ನಮ್ಮ ಹೊಲಕ್ಕೆ ಗೋಡು ಹೊಡೆಸಿದ್ದೆ. ಅರವತ್ತು ಟ್ರ್ಯಾಕ್ಟರ್ ಲೋಡು. ಗೋಡು ಚೆನ್ನಾಗಿದ್ದ ಕಡೆ ಜೆಸಿಬಿಯವನಿಗೆ "ಇಲ್ಲೇ ಆಳಕ್ಕೆ ತೆಗಿ" ಎಂದವನು ನಾನೇ. ಎರಡಾಳು ಆಳ, ನೆಟ್ಟಗೆ ಗೋಡೆಯಂತೆ ಇಳಿದ ಗುಂಡಿ, ದಡದಿಂದ ಹದಿನೈದು ಮಾರು. ಆ ವರ್ಷ ಶೇಂಗಾ ಚೆನ್ನಾಗಿ ಬಂತು ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೆ.

ನನ್ನಂತೆ ಹಲವರು ತೋಡಿದ್ದರು, ಇಟ್ಟಿಗೆಗೆ, ರಸ್ತೆಗೆ ತೆಗೆದ ಗುಂಡಿಗಳೂ ಇದ್ದವು. ಆದರೆ ಇದು ನನ್ನ ಗುಂಡಿ. ಹದಿಮೂರು ದಿನ ಕಳೆದ ಮೇಲೆ ಗುಡಿ ಮುಂದೆ ಊರು ಕೂಡಿದಾಗ ಎದ್ದು ನಿಂತು ಹೇಳಿಬಿಟ್ಟೆ. ಹುಡುಗನ ಅಪ್ಪ ಅಲ್ಲೇ ಕೂತಿದ್ದ. ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಕೊನೆಗೆ ಅವನೇ ಅಂದ: "ಅಣ್ಣ, ನಮ್ಮ ಹೊಲಕ್ಕೂ ಅಲ್ಲಿಂದ್ಲೇ ಎರಡು ಲೋಡು ಹಾಕ್ಸಿದ್ದೆ. ಈಗ ಮುಂದಿಂದು ನೋಡ್ರಿ."

ಮುಂದಿನದು ಏನೆಂದರೆ, ಮೊದಲು ಗುಂಡಿಗಳಿಗೆ ಗುರುತು. ಎರಡು, ಊರಿಗೆ ಹರಿಗೋಲು. ಮೂರು, ಮಕ್ಕಳಿಗೆ ಈಜು. ಇವು ಮೂರನ್ನೂ ಕಲಿಸುವವರು ಬೇಕು. ಒಬ್ಬೊಬ್ಬರನ್ನೇ ಕರೆಸುವ ಬದಲು ನೀರು ಬಲ್ಲವರನ್ನೆಲ್ಲ ಒಂದೇ ದಿನ ಅವರವರ ಹರಿಗೋಲಿನ ಸಮೇತ ಕರೆಸೋಣ ಎಂಬ ಯೋಚನೆ ಬಂದದ್ದು ಹೀಗೆ. ಒಬ್ಬ ಹಿರಿಯರು ಒಪ್ಪಲಿಲ್ಲ. "ಕೆರೆ ತುಂಬಿರೋದು ಬೆಳೆಗೆ, ಆಟಕ್ಕಲ್ಲ. ಹುಡುಗ ಸತ್ತ ನೀರಲ್ಲಿ ಜಾತ್ರೆ ಮಾಡ್ತೀರಾ?" ಅಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಅದಕ್ಕೇ ಬ್ಯಾಂಡು, ಭಾಷಣ, ಬಹುಮಾನ ಯಾವುದೂ ಬೇಡ ಎಂದು ಅಂದೇ ಗೊತ್ತು ಮಾಡಿದೆವು.

ಹರಿಗೋಲು ಎಂದರೇನು

ಕಾಣದವರಿಗಾಗಿ ಎರಡು ಮಾತು. ಹರಿಗೋಲು ದೊಡ್ಡ ದುಂಡನೆಯ ಬುಟ್ಟಿ. ಆಂಧ್ರದ ಕಡೆ ಪುಟ್ಟಿ, ತಮಿಳರಲ್ಲಿ ಪರಿಸಲ್. ತುಂಗಭದ್ರೆಯಲ್ಲಿ ಹಂಪಿ-ಆನೆಗೊಂದಿ ನಡುವೆ ಜನ ತಲೆಮಾರುಗಳಿಂದ ದಾಟಿದ್ದು ಇದರಲ್ಲೇ. 1520ರ ಸುಮಾರಿಗೆ ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪಾಯಸ್ ಇದನ್ನು ಬರೆದಿಟ್ಟಿದ್ದಾನೆ. ಬುಟ್ಟಿಯಂತೆ ದುಂಡಗೆ, ಹೊರಗೆ ತೊಗಲು, ಹದಿನೈದು ಇಪ್ಪತ್ತು ಜನ ಹಿಡಿಸುತ್ತದೆ, ಕುದುರೆ ಎತ್ತುಗಳೂ ದಾಟುತ್ತವೆ, ನೆಟ್ಟಗೆ ಹೋಗದೆ ಸುತ್ತುತ್ತಲೇ ಇರುತ್ತದೆ ಎಂದು. ಐನೂರು ವರ್ಷವಾದರೂ ಸುತ್ತುವುದು ಮಾತ್ರ ಬಿಟ್ಟಿಲ್ಲ.

ಇದು ನಮ್ಮ ದೇಶದ್ದೇ ವಿದ್ಯೆ ಎಂದುಕೊಂಡಿದ್ದೆ. ಇರಾಕಿನ ಟೈಗ್ರಿಸ್ ನದಿಯಲ್ಲೂ ಇಂಥದೇ ದುಂಡು ದೋಣಿ ಇತ್ತಂತೆ. ಬ್ರಿಟನ್ನಿನ ವೇಲ್ಸ್ ಸೀಮೆಯಲ್ಲಿ ಮೀನುಗಾರರು ಒಬ್ಬರೇ ಕೂರುವ ಪುಟ್ಟ ಹರಿಗೋಲನ್ನು ಬೆನ್ನ ಮೇಲೆ ಹೊತ್ತು ಹೊಳೆಗೆ ಹೋಗುತ್ತಾರೆ. ಅಲ್ಲಿನ ಕಿಲ್‌ಗೆರನ್ ಎಂಬ ಹಳ್ಳಿಯಲ್ಲಿ 1950ರಿಂದ ಹರಿಗೋಲು ಪಂದ್ಯ ನಡೆಸಿಕೊಂಡು ಬಂದಿದ್ದಾರೆ. ನಮ್ಮ ನೆರೆಯ ಕೇರಳದ ಆಲಪ್ಪುಳದಲ್ಲಿ 1952ರಲ್ಲಿ ನೆಹರೂ ಬಂದಾಗ ಶುರುವಾದ ಹಾವಿನ ದೋಣಿ ಪಂದ್ಯ ಎಲ್ಲರಿಗೂ ಗೊತ್ತು. ಮೊಮ್ಮಗಳು ಫೋನಿನಲ್ಲಿ ಇವನ್ನೆಲ್ಲ ತೋರಿಸಿದಳು. ಅವರದು ಹೊಳೆ ಹರಿಯುವ ನಾಡು, ದೋಣಿ ಮನೆಯ ಸಾಮಾನು. ನಮ್ಮದು ಹಾಗಲ್ಲ, ಹತ್ತಿಪ್ಪತ್ತು ವರ್ಷಕ್ಕೊಮ್ಮೆ ನೀರು ಕಾಣುವವರು. ಅದಕ್ಕೇ ನಮಗೆ ಅವರಿಗಿಂತ ಹೆಚ್ಚಿನ ಎಚ್ಚರ ಬೇಕು.

ಹೆಣೆದ ಬಗೆ

ಊರಿನ ಮೇದಾರ ಅಜ್ಜ ಮೊರ, ಮಂಕರಿ ಹೆಣೆಯುವವರು. ಚಿಕ್ಕಂದಿನಲ್ಲಿ ತಂದೆಯ ಜೊತೆ ಕಂಪ್ಲಿ ಕಡೆ ಹರಿಗೋಲು ಹೆಣೆದಿದ್ದರಂತೆ. "ಕೈ ಮರ್ತಿಲ್ಲ, ಬಿದಿರು ತರ್ಸು" ಅಂದರು. ಶಿವಮೊಗ್ಗ ಕಡೆಯ ಹಸಿ ಬಿದಿರು ತರಿಸಿದೆವು. ಒಣ ಬಿದಿರು ಬಾಗಿಸುವಾಗ ಸಿಡಿಯುತ್ತದೆ.

ದಬ್ಬೆ ಸೀಳಿ, ನೆಲದ ಮೇಲೆ ನಡುವಿನಿಂದ ಹೆಣೆಯುತ್ತ ಬರಬೇಕು. ಎಂಟಡಿ ಅಗಲಕ್ಕೆ ಬಂದಾಗ ನಡುವೆ ಗುಂಡುಕಲ್ಲು ಹೇರಿ ಸುತ್ತಲೂ ದಬ್ಬೆಗಳನ್ನು ಮೇಲಕ್ಕೆ ಬಾಗಿಸುತ್ತಾರೆ. ಎರಡಡಿ ಎತ್ತರ ಹೆಣೆದು ಬಾಯಿಗೆ ದಪ್ಪನೆಯ ಕಂಕಣ ಕಟ್ಟುತ್ತಾರೆ. ಹಿಂದೆ ಹೊರಗೆ ದನದ ತೊಗಲು ಹೊಲಿಯುತ್ತಿದ್ದರು. ಈಗ ಯೂರಿಯಾ ಚೀಲ ಬಿಚ್ಚಿ ಹೊಲಿದು, ಅದರ ಮೇಲೆ ಪ್ಲಾಸ್ಟಿಕ್ ಶೀಟು, ಅದರ ಮೇಲೆ ಕಾಯಿಸಿದ ಡಾಂಬರು. ಒಂದು ಹರಿಗೋಲಿಗೆ ಅಜ್ಜನಿಗೂ ಇಬ್ಬರು ಹುಡುಗರಿಗೂ ನಾಲ್ಕು ದಿನ ಹಿಡಿಯಿತು. ಮೊದಲನೆಯದಕ್ಕೆ ಡಾಂಬರು ತೆಳುವಾಗಿ ಬಳಿದು ಕೆಟ್ಟೆವು, ನೀರು ಜಿನುಗಿತು. ಎರಡನೇ ಸಲ ದಪ್ಪಗೆ ಬಳಿದು ಎರಡು ದಿನ ನೆರಳಲ್ಲಿ ಬಿಟ್ಟ ಮೇಲೆ ಸರಿಹೋಯಿತು.

ಕೂಟದ ತಯಾರಿ

ದಿನ ಗೊತ್ತು ಮಾಡಿದ್ದು 2023ರ ಜನವರಿ, ಸಂಕ್ರಾಂತಿ ಕಳೆದ ಮುಂದಿನ ಭಾನುವಾರ. ಅಷ್ಟೊತ್ತಿಗೆ ಶೇಂಗಾ ಕಿತ್ತು ಮಾರಿ ಆಗಿರುತ್ತದೆ, ರಾಗಿ ಕಣವೂ ಮುಗಿದಿರುತ್ತದೆ, ಜನಕ್ಕೆ ಬಿಡುವು. ನೀರೂ ತಿಳಿಯಾಗಿರುತ್ತದೆ.

ಒಪ್ಪಿಗೆ ಯಾರದು ಎಂದು ತಿಳಿಯಲು ಒಂದು ವಾರ ಅಲೆದೆ. ನಿಮಗೆ ಆ ಕಷ್ಟ ಬೇಡ. ಕೆರೆಯ ಅಚ್ಚುಕಟ್ಟು 40 ಹೆಕ್ಟೇರಿಗಿಂತ ಕಡಿಮೆ ಇದ್ದರೆ ಪಂಚಾಯ್ತಿಯ ಕಡೆ, ಅದಕ್ಕಿಂತ ಹೆಚ್ಚಿದ್ದರೆ ಸಣ್ಣ ನೀರಾವರಿ ಇಲಾಖೆಯ ಕಡೆ ಕೇಳಬೇಕು. ಪೊಲೀಸ್ ಠಾಣೆಗೆ ಒಂದು ಅರ್ಜಿ. ಮೀನು ಹಿಡಿಯಲು ಕೆರೆ ಗುತ್ತಿಗೆ ಹಿಡಿದವರಿದ್ದರೆ ಅವರ ಮಾತು ಎಲ್ಲಕ್ಕಿಂತ ಮೊದಲು. ನಮ್ಮ ಗುತ್ತಿಗೆದಾರ ಮೊದಲು ಸಿಟ್ಟಾದ. ಮರಿ ಬಿಟ್ಟಿದ್ದೇನೆ, ಬಲೆ ಹರಿದರೆ ಯಾರು ಕೊಡ್ತಾರೆ ಅಂದ. ಗುಂಡಿ, ಜಾಲಿ ಇರುವ ಕಡೆ ಗುರುತು ಹಾಕಿದರೆ ಬಲೆ ಸಿಕ್ಕಿಕೊಳ್ಳುವುದು ತಪ್ಪುತ್ತದೆ ಎಂದು ಹೇಳಿದ ಮೇಲೆ ತಾನೇ ಮೂರು ಸಾವಿರ ಕೊಟ್ಟ.

ಜಾಲಿಯ ಮಾತು ಬಂದದ್ದರಿಂದ ಹೇಳುತ್ತೇನೆ. ಒಣಗಿದ ಕೆರೆಯಲ್ಲಿ ಬಳ್ಳಾರಿ ಜಾಲಿ ಬೆಳೆದು ಕಾಡಾಗಿರುತ್ತದೆ. ನೀರು ಬಂದರೆ ಅದು ಮುಳುಗುತ್ತದೆ, ಹೋಗುವುದಿಲ್ಲ. ಮುಳ್ಳು ಹರಿಗೋಲಿನ ಶೀಟು ಸೀಳುತ್ತದೆ, ಈಜುವವನ ಬಟ್ಟೆ ಹಿಡಿದುಕೊಳ್ಳುತ್ತದೆ. ಹೊಳೆಯವರಿಗೆ ಈ ಅಪಾಯ ಗೊತ್ತಿಲ್ಲ, ಇದು ನಮ್ಮ ಬಯಲುಸೀಮೆಯದೇ.

ಕೂಟಕ್ಕೆ ಮೂರು ದಿನ ಮೊದಲು ಆ ಇಬ್ಬರು ಮೀನುಗಾರರು ಬಂದರು. ನಾನು ಹರಿಗೋಲಿನಲ್ಲಿ ಕೂತು, ಯಾವ ಬೇಸಿಗೆಯಲ್ಲಿ ಯಾರು ಎಲ್ಲಿ ತೋಡಿದರು ಎಂದು ನೆನಪು ಮಾಡಿ ತೋರಿಸುತ್ತ ಹೋದೆ. ಅವರು ಗಳ ಇಳಿಸಿ ಆಳ ನೋಡಿದರು. ಹನ್ನೊಂದು ಗುಂಡಿ ಸಿಕ್ಕವು. ಒಂದೊಂದಕ್ಕೂ ಐದು ಲೀಟರಿನ ಖಾಲಿ ಎಣ್ಣೆ ಕ್ಯಾನಿಗೆ ಕೆಂಪು ಬಣ್ಣ ಬಳಿದು, ಕಲ್ಲು ಕಟ್ಟಿದ ಹಗ್ಗದಿಂದ ತೇಲಿ ಬಿಟ್ಟೆವು. ಜಾಲಿ ಇದ್ದ ಕಡೆ ಬಿಳಿ ಕ್ಯಾನು. ಇಷ್ಟು ಸುಲಭದ ಕೆಲಸ, ಅಕ್ಟೋಬರಿಗೆ ಮೊದಲೇ ಮಾಡಬಹುದಿತ್ತು.

ಲೆಕ್ಕ ಹೀಗಿದೆ. ಮನೆಗೆ ನೂರರಂತೆ 140 ಮನೆಯಿಂದ 14,000, ಬೆಂಗಳೂರಲ್ಲಿ ದುಡಿಯುವ ಹುಡುಗರು 9,000, ಗುತ್ತಿಗೆದಾರ 3,000. ಒಟ್ಟು 26,000 ರೂಪಾಯಿ. ಖರ್ಚು: ಎರಡು ಹರಿಗೋಲಿಗೆ 13,400, ಹೊರಗಿನ ಹರಿಗೋಲು ತರಲು ಗಾಡಿ ಬಾಡಿಗೆ 6,500, ಹಗ್ಗ, ಟ್ಯೂಬು, ತೇಲುವ ಜಾಕೆಟ್ಟಿನ ಬಾಡಿಗೆ 2,300, ಊಟದ ಎಣ್ಣೆ-ಉಪ್ಪು 3,200. ಉಳಿದದ್ದು 600. ರಾಗಿ, ಬೇಳೆ ಮನೆ ಮನೆಯಿಂದ ಬಂತು. ನಾಯಕನಹಟ್ಟಿ ತಿಪ್ಪೇಸ್ವಾಮಿ ಕೆರೆಗಳನ್ನು ಕಟ್ಟಿಸಿದರೆಂದು ನಮ್ಮ ಹಿರಿಯರು ಹೇಳುತ್ತಾರೆ. "ಮಾಡಿದಷ್ಟು ನೀಡು ಭಿಕ್ಷೆ" ಎಂಬ ಅವರ ಮಾತು ಈ ಸೀಮೆಯಲ್ಲಿ ಎಲ್ಲರ ಬಾಯಲ್ಲೂ ಇದೆ. ಚೀಟಿ ಹಿಡಿದು ಹೋದಾಗ ಅದೇ ಮಾತು ಹೇಳಿ ಕೊಟ್ಟರು.

ಆ ದಿನ

ಬೆಳಿಗ್ಗೆ ಎಂಟಕ್ಕೆ ಗಂಗಮ್ಮನ ಪೂಜೆ. ಹುಡುಗನ ಹೆಸರಿನಲ್ಲಿ ಒಂದು ದೀಪ ತೇಲಿಬಿಟ್ಟೆವು. ನೀರಿಗೆ ಇಳಿದವು ಒಟ್ಟು ಹತ್ತು. ವಾಣಿವಿಲಾಸದ ಕಡೆಯಿಂದ ಎರಡು, ಕಂಪ್ಲಿ ಕಡೆಯಿಂದ ಒಂದು ಹರಿಗೋಲು, ನಮ್ಮವು ಎರಡು. ಒಣ ಕತ್ತಾಳೆ ದಂಟಿನ ತೆಪ್ಪ ಮೂರು. ಹೊಲದ ಬೇಲಿಯಲ್ಲಿ ಹೂ ಬಿಟ್ಟು ಒಣಗಿದ ದಂಟು ಬೆಂಡಿನಂತೆ ಹಗುರ. ಹತ್ತು ದಂಟು ಸಾಲಾಗಿ ಕತ್ತಾಳೆ ನಾರಿನ ಹಗ್ಗದಿಂದ ಬಿಗಿದರೆ ಒಬ್ಬನನ್ನು ಹೊರುತ್ತದೆ, ಖರ್ಚು ಸೊನ್ನೆ. ನಾಲ್ಕು ಲಾರಿ ಟ್ಯೂಬಿನ ಮೇಲೆ ಮಂಚ ಕಟ್ಟಿದ್ದು ಒಂದು. ಹತ್ತನೆಯದು ಹಳೇ ಬೆಲ್ಲದ ಕೊಪ್ಪರಿಗೆ. ಪ್ರವಾಹದಲ್ಲಿ ಇದರಲ್ಲೇ ದಾಟುತ್ತಿದ್ದೆವು ಎಂದು ಒಬ್ಬ ಅಜ್ಜ ಹಟ ಮಾಡಿ ತಂದಿದ್ದರು.

ಪಂದ್ಯ ಬೇಡ ಎಂದಿದ್ದರೂ ಹುಡುಗರು ಬಿಡಲಿಲ್ಲ. ನಮ್ಮ ಎರಡು ಹರಿಗೋಲು ಹೊರಟು, ನಿಂತಲ್ಲೇ ಬುಗುರಿಯಂತೆ ತಿರುಗಿದವು. ಏರಿಯ ಮೇಲಿದ್ದ ಹೆಂಗಸರು ಹೊಟ್ಟೆ ಹಿಡಿದು ನಕ್ಕರು. ಮೂರು ತಿಂಗಳಲ್ಲಿ ಆ ಕೆರೆಯ ದಡದಲ್ಲಿ ಕೇಳಿದ ಮೊದಲ ನಗು ಅದು. ಕಂಪ್ಲಿಯ ಕಡೆಯವರು ಕಲಿಸಿದರು: ಬದಿಯಲ್ಲಿ ಹುಟ್ಟು ಹಾಕಿದರೆ ತಿರುಗುತ್ತದೆ. ಹೋಗಬೇಕಾದ ದಿಕ್ಕಿಗೆ ಮುಖ ಮಾಡಿ, ಮುಂದಿನ ಅಂಚಿನಲ್ಲಿ ಮಂಡಿಯೂರಿ, ಹುಟ್ಟನ್ನು ಮುಂದೆ ಇಳಿಸಿ ಎಡಕ್ಕೆ ಬಲಕ್ಕೆ ಆಡಿಸುತ್ತ ನಮ್ಮ ಕಡೆ ಎಳೆದುಕೊಳ್ಳಬೇಕು. ಮಧ್ಯಾಹ್ನದ ಹೊತ್ತಿಗೆ ನಾಲ್ಕಾರು ಹುಡುಗರು, ಇಬ್ಬರು ಹುಡುಗಿಯರು ನೆಟ್ಟಗೆ ಓಡಿಸಿದರು.

ಇನ್ನೊಬ್ಬ ಯೂರಿಯಾ ಚೀಲ ಹೊಲಿದು ಕತ್ತಾಳೆ ತೆಪ್ಪಕ್ಕೆ ಹಾಯಿ ಕಟ್ಟಿದ. ನಮ್ಮ ಸೀಮೆಯ ಗಾಳಿ ಗೊತ್ತಲ್ಲ! ಸರ್ರನೆ ಕೆರೆಯ ಆಚೆ ದಡಕ್ಕೆ ಒಯ್ದುಬಿಟ್ಟಿತು. ವಾಪಸ್ ಬರಲಾಗದೆ ಅಲ್ಲೇ ಕೂತ. ಕರಾವಳಿಯ ಹಾಯಿದೋಣಿಗೆ ಉದ್ದನೆಯ ಮೈ, ಹಿಂದೆ ಚುಕ್ಕಾಣಿ ಇರುತ್ತವೆ, ಅದಕ್ಕೇ ಅವರು ಅಡ್ಡಗಾಳಿಗೂ ಸಾಗುತ್ತಾರೆ. ಚಪ್ಪಟೆ ತೆಪ್ಪಕ್ಕೆ ಅದಿಲ್ಲ. ಗಾಳಿ ಕರ್ಕೊಂಡು ಹೋಗುತ್ತೆ, ವಾಪಸ್ ಬಿಡೋಕೆ ಬರಲ್ಲ. ಮೀನುಗಾರರು ಹೋಗಿ ಹಗ್ಗ ಕಟ್ಟಿ ಎಳೆತಂದರು.

ಒಂದು ತಪ್ಪೂ ಆಯಿತು. ಊಟವಾದ ಮೇಲೆ ಆರು ಜನ ಕೂರುವ ಹರಿಗೋಲಿಗೆ ಒಂಬತ್ತು ಜನ ಹತ್ತಿದರು. ಒಬ್ಬ ಫೋಟೋಕ್ಕೆ ಎದ್ದು ನಿಂತ, ಒಂದು ಬದಿಗೆ ವಾಲಿ ಎಲ್ಲರೂ ನೀರಿಗೆ. ಸೊಂಟದ ಮಟ್ಟದ ನೀರು, ಎಲ್ಲರಿಗೂ ಟ್ಯೂಬು ಕಟ್ಟಿತ್ತು, ಏನೂ ಆಗಲಿಲ್ಲ. ಆದರೆ ನನ್ನ ಕೈಕಾಲು ಸಂಜೆಯ ತನಕ ನಡುಗುತ್ತಿದ್ದವು. ಹತ್ತುವ ಕಡೆ ಎಣಿಸುವವನೊಬ್ಬನನ್ನು ಊಟದ ಹೊತ್ತಿನಲ್ಲೂ ನಿಲ್ಲಿಸಬೇಕಿತ್ತು, ಅದು ನನ್ನ ತಪ್ಪು.

ಸಂಜೆ ಹುಡುಗನ ಅಪ್ಪ ಚಿಕ್ಕ ಮಗಳ ಕೈ ಹಿಡಿದು ಬಂದ. ಮಾತಿಲ್ಲದೆ ಅವಳ ಸೊಂಟಕ್ಕೆ ತಾನೇ ಟ್ಯೂಬು ಬಿಗಿದು, ಹಿರಿಯ ಮೀನುಗಾರನ ಕೈಗೆ ಕೊಟ್ಟು, "ಇವ್ಳಿಗೆ ಈಜು ಕಲ್ಸಪ್ಪ" ಅಂದ. ದಡದಲ್ಲಿದ್ದವರು ಯಾರೂ ಉಸಿರು ಬಿಡಲಿಲ್ಲ.

ಆಮೇಲೆ

ಆ ಬೇಸಿಗೆಯಲ್ಲಿ ಇಪ್ಪತ್ಮೂರು ಮಕ್ಕಳು ಈಜು ಕಲಿತರು. ಹರಿಗೋಲು ಬೇರೆ ಕೆಲಸಕ್ಕೂ ಬಂತು. ತೂಬಿನ ಬಾಯಿಗೆ ಸಿಕ್ಕಿದ್ದ ಕಸ ತೆಗೆದೆವು, ನೀರಲ್ಲಿ ನಿಂತಿದ್ದ ಜಾಲಿ ಕಡಿದೆವು.

2023ರಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ ಬಹುತೇಕ ತಾಲ್ಲೂಕುಗಳು ಬರಪೀಡಿತ ಎಂದು ಘೋಷಣೆಯಾದವು. 2024ರ ಬೇಸಿಗೆಗೆ ಕೆರೆ ಮತ್ತೆ ಬಯಲು. ಜನ ಹರಿಗೋಲು ನೋಡಿ ಮತ್ತೆ ನಕ್ಕರು. ಆದರೆ ಆ ಕೂಟದ ನಿಜವಾದ ಫಲ ಸಿಕ್ಕಿದ್ದು ಆಗಲೇ. ಕೆಂಪು ಕ್ಯಾನುಗಳು ಒಣ ನೆಲದ ಮೇಲೆ ಬಿದ್ದಿದ್ದವು, ಹನ್ನೊಂದು ಗುಂಡಿಗಳು ಎಲ್ಲರ ಕಣ್ಣೆದುರಿಗಿದ್ದವು. ಜೆಸಿಬಿ ತರಿಸಿ ಅಂಚುಗಳನ್ನೆಲ್ಲ ಕೆಡವಿ ಇಳಿಜಾರು ಮಾಡಿದೆವು. ನನ್ನ ಗುಂಡಿಯದನ್ನು ನನ್ನ ಖರ್ಚಿನಲ್ಲಿ ಮಾಡಿಸಿದೆ. ಈಗ ಊರಿನಲ್ಲಿ ಕಟ್ಟುಪಾಡು ಇದೆ: ಗೋಡು ತೆಗೆಯುವವರು ದಡದಿಂದ ಐವತ್ತು ಮಾರು ಬಿಟ್ಟು, ಅಗಲಕ್ಕೆ ತೆಗೆಯಬೇಕು, ಆಳಕ್ಕಲ್ಲ. ದನ ಇಳಿದು ಹತ್ತಿ ಬರುವಷ್ಟು ಇಳಿಜಾರು ಇರಬೇಕು.

ಮಾಡಲು ಹೊರಟವರಿಗೆ

1. ಮೊದಲು ಗುಂಡಿ ಮತ್ತು ಜಾಲಿಯ ಗುರುತು, ಆಮೇಲೆ ಹರಿಗೋಲು.
2. ಎಂಟಡಿಯ ಹರಿಗೋಲಿಗೆ ಆರೇ ಜನ. ಸುತ್ತ ಸಮನಾಗಿ ಕೂರಬೇಕು, ಯಾರೂ ನಿಲ್ಲಬಾರದು.
3. ಜಾಕೆಟ್ ಇಲ್ಲವೇ ಗಾಳಿ ತುಂಬಿದ ಟ್ಯೂಬು ಇಲ್ಲದೆ ಯಾರನ್ನೂ ಹತ್ತಿಸಬೇಡಿ. ಈಜು ಬಲ್ಲವನು ಪ್ರತಿ ಹರಿಗೋಲಿನಲ್ಲೂ ಇರಲಿ.
4. ಕುಡಿದವರನ್ನು ಏರಿಯಿಂದಲೇ ವಾಪಸ್ ಕಳಿಸಿ. ಗಾಳಿ ಎದ್ದರೆ ಎಲ್ಲವನ್ನೂ ದಡಕ್ಕೆ ತನ್ನಿ.
5. ಕೆಲಸವಾದ ಮೇಲೆ ಹರಿಗೋಲನ್ನು ನೀರಲ್ಲೇ ಬಿಡಬೇಡಿ. ನೆರಳಿನಲ್ಲಿ ಕಲ್ಲಿನ ಮೇಲೆ ಕವುಚಿಡಿ, ಗೆದ್ದಲು ಹತ್ತುವುದಿಲ್ಲ. ವರ್ಷಕ್ಕೊಮ್ಮೆ ಡಾಂಬರು ಬಳಿಯಿರಿ.
6. ಹೆಣೆಯುವವರಿಗೆ, ಓಡಿಸುವವರಿಗೆ ಕೂಲಿ, ಊಟ, ಗಾಡಿ ಬಾಡಿಗೆ ಮರೆಯಬೇಡಿ. ಇದು ಅವರ ವಿದ್ಯೆ.

2025ರ ಜನವರಿಯಲ್ಲಿ ವಾಣಿವಿಲಾಸ ಸಾಗರ ಮತ್ತೆ ಕೋಡಿ ಬಿತ್ತು. ನಮ್ಮ ಕೆರೆಗೂ ಅರ್ಧ ನೀರು ಬಂದಿತ್ತು. ದನದ ಕೊಟ್ಟಿಗೆಯಲ್ಲಿ ಕವುಚಿಟ್ಟಿದ್ದ ಹರಿಗೋಲುಗಳನ್ನು ಹುಡುಗರೇ ಹೊತ್ತು ಒಯ್ದು ನೀರಿಗೆ ಬಿಟ್ಟರು. ಒಂದರ ಶೀಟು ಬಿಸಿಲಿಗೆ ಬಿರುಕು ಬಿಟ್ಟಿತ್ತು. ಡಾಂಬರಿಗಿಂತ ಬಾಳಿಕೆ ಬರುವ ಲೇಪ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ಪತ್ರಿಕೆಗೆ ಬರೆಯಿರಿ. ಮೇದಾರ ಅಜ್ಜನಿಗೆ ಕಣ್ಣು ಮಂಜಾಗಿದೆ, ಮೂರನೆಯದನ್ನು ಈ ಸಲ ಅವರ ಮೊಮ್ಮಗ ಹೆಣೆಯುತ್ತಿದ್ದಾನೆ.